ಮೇಷ್ಟ್ರನ್ನು ಎಣಿಸಿದ್ದು ಸಾಕು, ಒಮ್ಮೆ ಕೇಳಿ ನೋಡಿ

ಮೊನ್ನೆ ಆಫೀಸ್ ಕ್ಯಾಂಟೀನಿನಲ್ಲಿ ಊಟ ಮಾಡ್ತಾ ಗೆಳೆಯನೊಬ್ಬ, "ಸರ್ಕಾರಿ ಮೇಷ್ಟ್ರುಗಳಲ್ಲಿ ನಾಲ್ಕಕ್ಕೆ ಒಬ್ಬರು ಶಾಲೆಗೇ ಬರಲ್ಲ ಕಣೋ, ರಿಸರ್ಚೇ ಹೇಳುತ್ತೆ" ಅಂದ. ಕೂತಿದ್ದವರೆಲ್ಲ ತಲೆಯಾಡಿಸಿದರು. ನನ್ನ ಅಕ್ಕ ಹನ್ನೊಂದು ವರ್ಷದಿಂದ ಹಾಸನ ಜಿಲ್ಲೆಯ ಕಾಫಿ ತೋಟಗಳ ನಡುವಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಅಲ್ಲಿ ಸರಿಯಾಗಿ ಉತ್ತರ ಕೊಡೋಕೆ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಗೆಳೆಯ ಹೇಳಿದ ಅಂಕಿ ಸುಳ್ಳಲ್ಲ. ಮೈಕೇಲ್ ಕ್ರೇಮರ್, ಕಾರ್ತಿಕ್ ಮುರಳೀಧರನ್ ಮೊದಲಾದವರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಹೇಳದೆ ಕೇಳದೆ ಶಾಲೆಗಳಿಗೆ ಹೋಗಿ ನೋಡಿದಾಗ ಶೇ 25ರಷ್ಟು ಶಿಕ್ಷಕರು ಇರಲಿಲ್ಲ. ಆದರೆ ಆ 25ರಲ್ಲಿ ರಜೆ ಹಾಕಿದವರು, ಇಲಾಖೆಯ ಕೆಲಸಕ್ಕೆ ಹೋದವರು ಎಲ್ಲರೂ ಸೇರಿದ್ದಾರೆ. 2017ರಲ್ಲಿ ಅಜೀಂ ಪ್ರೇಮ್‌ಜೀ ಫೌಂಡೇಶನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ಇದನ್ನೇ ಬಿಡಿಸಿ ನೋಡಿತು. ಕಾರಣವೇ ಇಲ್ಲದೆ ಚಕ್ಕರ್ ಹೊಡೆದವರು ಸುಮಾರು ಶೇ 2.5! ಶಿಕ್ಷಕರ ಜೊತೆ ಕೆಲಸ ಮಾಡೋ ಸಂಸ್ಥೆ, ಅವರ ಪರವಾಗೇ ಹೇಳುತ್ತೆ ಅಂತ ನೀವು ವಾದಿಸಬಹುದು. ಇರಲಿ. ಆದರೆ ಕ್ಯಾಂಟೀನುಗಳಿಗೆ 25 ಮಾತ್ರ ತಲುಪಿ, 2.5 ಯಾಕೆ ತಲುಪಲಿಲ್ಲ?

ಸೋಮಾರಿ ಮೇಷ್ಟ್ರುಗಳೇ ಇಲ್ಲ ಅಂತ ನಾನು ಹೇಳ್ತಿಲ್ಲ. ನನ್ನ ನಾಲ್ಕನೇ ಕ್ಲಾಸಿನ ಮೇಷ್ಟ್ರಿಗೆ ಪಾಠಕ್ಕಿಂತ ಬಡ್ಡಿ ಲೆಕ್ಕ ಚೆನ್ನಾಗಿ ಬರುತ್ತಿತ್ತು :-)  ನನ್ನ ಸಿಟ್ಟು ಬೇರೆ ಕಡೆಗಿದೆ. ನಮ್ಮ ಶಾಲೆಗಳ ಮೇಲಿನ ಸಂಶೋಧನೆಯಲ್ಲಿ ಮೇಷ್ಟ್ರು ಯಾವಾಗಲೂ ಅಳೆಯಬೇಕಾದ ವಸ್ತು. ಪ್ರಶ್ನೆ ಕೇಳುವವರು ಯಾವಾಗಲೂ ಬೇರೆಯವರು.

ಅಕ್ಕನ ಶಾಲೆಯಲ್ಲಿ ಒಂದರಿಂದ ಐದರವರೆಗೆ ಇಪ್ಪತ್ತಮೂರು ಮಕ್ಕಳು, ಇಬ್ಬರು ಶಿಕ್ಷಕರು. ಇನ್ನೊಬ್ಬ ಸರ್ ಟ್ರೈನಿಂಗಿಗೋ ಬಿಎಲ್ಓ ಕೆಲಸಕ್ಕೋ ಹೋದರೆ ಐದೂ ತರಗತಿ ಒಂದೇ ಕೋಣೆಗೆ. ಪೇಟೆಯಲ್ಲಿ ಹನ್ನೆರಡು ಜನ ಟೀಚರುಗಳಿರುವ ಶಾಲೆಯಲ್ಲಿ ಒಬ್ಬರು ಬರದಿದ್ದರೆ ಯಾರಿಗೂ ಗೊತ್ತೇ ಆಗಲ್ಲ. ಸರಾಸರಿ ಶೇಕಡಾವಾರಿನಲ್ಲಿ ಈ ವ್ಯತ್ಯಾಸ ಮಾಯವಾಗಿಬಿಡುತ್ತೆ.

2025ರ ಸೆಪ್ಟೆಂಬರಿನಲ್ಲಿ ಶುರುವಾದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯನ್ನೇ ನೋಡಿ. ಮನೆಮನೆ ಸುತ್ತಿದವರಲ್ಲಿ ಹೆಚ್ಚಿನವರು ಶಿಕ್ಷಕರು. ಕೆಲಸ ಮುಗಿಯಲಿಲ್ಲ ಅಂತ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡ ಅಂತಲ್ಲ. ಯಾರು ಹಿಂದುಳಿದಿದ್ದಾರೆ ಅಂತ ತಿಳಿಯೋಕೇ ಮಾಡಿದ್ದು ಅದು. ಅದಕ್ಕಾಗಿ ಮುಚ್ಚಿದ್ದು ಆ ಹಿಂದುಳಿದವರ ಮಕ್ಕಳೇ ಓದುವ ಶಾಲೆಗಳನ್ನ! 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್, ಬೋಧಕೇತರ ಕೆಲಸಗಳಲ್ಲಿ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರಕ್ಕೆ ಮಾತ್ರ ಒಪ್ಪುತ್ತೆ. ಇದು ಮೂರರಲ್ಲಿ ಯಾವುದು ಸ್ವಾಮಿ?

ಸರಿ, ಮೇಷ್ಟ್ರನ್ನೇ ಕೇಳಿದ್ದರೆ ಏನಾಗುತ್ತಿತ್ತು? ಬಿಹಾರದ ಕಥೆ ಇದೆ. ಮಕ್ಕಳನ್ನು ತರಗತಿ ನೋಡದೆ ಅವರವರ ಓದಿನ ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸುವುದು 'ಪ್ರಥಮ್' ಸಂಸ್ಥೆಯ ಪದ್ಧತಿ. 2008ರ ಬೇಸಿಗೆ ಶಿಬಿರದಲ್ಲಿ ಸರ್ಕಾರಿ ಶಿಕ್ಷಕರೇ ಹೀಗೆ ಕಲಿಸಿದಾಗ ಮಕ್ಕಳ ಓದು ಸುಧಾರಿಸಿತು. ಶಾಲಾ ದಿನಗಳಲ್ಲಿ ಸಾಮಗ್ರಿ, ತರಬೇತಿ ಕೊಟ್ಟು ಶಿಕ್ಷಕರಿಗೇ ಬಿಟ್ಟಾಗ ಏನೂ ಆಗಲಿಲ್ಲ. ಯಾಕಂದ್ರೆ ಶಾಲೆ ನಡೆಯುವಾಗ ಪಠ್ಯಪುಸ್ತಕ ಮುಗಿಸಬೇಕು. ಮುಂದೆ 2012-13ರಲ್ಲಿ ಹರಿಯಾಣದಲ್ಲಿ ಇದಕ್ಕೇ ಅಂತ ದಿನಕ್ಕೊಂದು ಗಂಟೆ ತೆಗೆದಿಟ್ಟು, ಮೇಲ್ವಿಚಾರಕರಿಗೂ ತರಬೇತಿ ಕೊಟ್ಟ ಮೇಲೆ ಹಿಂದಿ ಓದು ಸುಧಾರಿಸಿತು. ಬ್ಯಾನರ್ಜಿ, ಡುಫ್ಲೊ ಅವರ ತಂಡ ಇದನ್ನೆಲ್ಲ ಪ್ರಾಮಾಣಿಕವಾಗಿ ಬರೆದಿದೆ, ಅವರ ಬಗ್ಗೆ ಗೌರವವಿದೆ. ಆದರೆ "ಪೋರ್ಷನ್ ಮುಗೀದಿದ್ರೆ ಬಿಡ್ತಾರಾ?" ಅನ್ನೋ ಮಾತನ್ನ ಅಕ್ಕ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಹೇಳುತ್ತಿದ್ದಳು.

ನಮ್ಮಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ, ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯೂನಿಸೆಫ್ ನೆರವಿನಲ್ಲಿ ತಮ್ಮ ಮಕ್ಕಳಿಗಾಗಿ ತಾವೇ ಕಾರ್ಡುಗಳನ್ನು ಮಾಡಿದರು. ಕಲಿಕೆಯನ್ನು ಏಣಿಯ ಮೆಟ್ಟಿಲಿನ ಹಾಗೆ ಜೋಡಿಸಿದರು. ಅದರ ಚಂದ ಏನು ಗೊತ್ತಾ? ಮಗು ಎರಡು ತಿಂಗಳು ಬರದಿದ್ದರೂ ವಾಪಸ್ ಬಂದಾಗ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಹತ್ತಬಹುದು. ಕೂಲಿಗೆ ವಲಸೆ ಹೋಗುವವರ ಮಕ್ಕಳಿಗೆ ಇದಕ್ಕಿಂತ ಸಮಾನತೆ ಬೇಕೇ? ಆಮೇಲೆ 2009-10ರಲ್ಲಿ ಇದನ್ನು ಇಡೀ ರಾಜ್ಯಕ್ಕೆ ಹಬ್ಬಿಸಿದರು. ಒಂದು ತಾಲ್ಲೂಕಿನ ಮೇಷ್ಟ್ರುಗಳು ಕಂಡುಕೊಂಡದ್ದು ಉಳಿದ ತಾಲ್ಲೂಕುಗಳಿಗೆ ಸುತ್ತೋಲೆಯಾಗಿ ಬಂತು. ಕಾರ್ಡು ಬಂತು, ಕಾರ್ಡು ಮಾಡುವ ಸ್ವಾತಂತ್ರ್ಯ ಬರಲಿಲ್ಲ.

ಅಕ್ಕನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಕಾಫಿ ಕೊಯ್ಲಿಗೆ ಬರುವ ಕೂಲಿಯವರ ಮಕ್ಕಳು ಯಾವತ್ತು ಬಂದರು, ಯಾವತ್ತು ಹೋದರು, ಹೋಗುವಾಗ ಯಾವ ಮೆಟ್ಟಿಲಲ್ಲಿದ್ದರು, ಮನೆಯಲ್ಲಿ ಯಾವ ಭಾಷೆ, ಎಲ್ಲಾ ಅದರಲ್ಲಿದೆ. ಏಳು ವರ್ಷದ ಲೆಕ್ಕ! ನಮ್ಮ ಕಂಪನಿಯಲ್ಲಿ ಇಂಥ ಡೇಟಾ ಸಿಕ್ಕಿದ್ದರೆ ಒಂದು ಟೀಮನ್ನೇ ಕೂರಿಸುತ್ತಿದ್ದರು. ಸಮೀಕ್ಷೆಯವರು, ಎನ್‌ಜಿಓದವರು, ಪರಿವೀಕ್ಷಣೆಗೆ ಬಂದವರು, ಒಬ್ಬರೂ ಅದನ್ನು ಕೇಳಿಲ್ಲ. ಇಂಥ ಟೀಚರಿಗೆ ವಾರಕ್ಕೆ ಅರ್ಧ ದಿನ ಬಿಡುವು ಕೊಡಿ, ಆ ಹೊತ್ತಿಗೆ ಬದಲಿ ಶಿಕ್ಷಕರನ್ನು ಕಳಿಸಿ, ಕ್ಲಸ್ಟರ್ ಮೀಟಿಂಗಿನಲ್ಲಿ ಸುತ್ತೋಲೆ ಓದುವ ಬದಲು ಇಂಥ ನೋಟ್‌ಬುಕ್ ತೆರೆಯಿರಿ. ವಿಶ್ವವಿದ್ಯಾಲಯದವರು ಬಂದು ಲೆಕ್ಕ ಹಾಕೋದನ್ನ ಕಲಿಸಲಿ. ಪ್ರಶ್ನೆ ಮಾತ್ರ ಮೇಷ್ಟ್ರದ್ದಾಗಿರಲಿ.

ಕ್ಯಾಂಟೀನಿನ ಕಥೆ ಹೇಳೋಕೆ ಅವತ್ತು ರಾತ್ರಿ ಅಕ್ಕನಿಗೆ ಫೋನ್ ಮಾಡಿದ್ದೆ. ಆ ನೋಟ್‌ಬುಕ್ಕನ್ನ ಎಕ್ಸೆಲ್‌ಗೆ ಹಾಕಿಕೊಡ್ತೀನಿ ಅಂದೆ.

"ಅದಿರಲಿ ಕಣೋ, ಮೊದಲು ಆ ಸ್ಯಾಟ್ಸ್ ಎಂಟ್ರಿ ಮಾಡಿಕೊಡು. ಇಲ್ಲಿ ನೆಟ್‌ವರ್ಕ್ ಇಲ್ಲ, ನಾಳೆ ಕೊನೇ ದಿನ" ಅಂದಳು.