ಹೆಚ್ಚುವರಿ ನೀರು ಯಾರದು?

"ನನ್ನ ಬಾವಿ, ನನ್ನ ನೀರು. ಹೆಚ್ಚಿದ್ದನ್ನು ಮಾರಿದರೆ ತಪ್ಪೇನು?" ಅರಿಜೋನಾದಲ್ಲಿ ಈ ಪ್ರಶ್ನೆ ಸಹಜವೇ. 2023ರ ಜನವರಿ 1ರಂದು ಸ್ಕಾಟ್ಸ್‌ಡೇಲ್ ನಗರವು ರಿಯೋ ವರ್ಡೆ ಫುಟ್‌ಹಿಲ್ಸ್‌ಗೆ ಹೋಗುವ ಟ್ಯಾಂಕರ್‌ಗಳಿಗೆ ನೀರು ನಿಲ್ಲಿಸಿದಾಗ ನೂರಾರು ಮನೆಯವರು ಪರದಾಡಿದರು. ಅಂಥ ಹೊತ್ತಿನಲ್ಲಿ ನೆರೆಯವರಿಗೆ ನೀರು ಮಾರುವುದೂ ಉಪಕಾರವೇ.

ಆದರೆ ಭೂಮಿಯೊಳಗಿನ ನೀರಿಗೆ ಬೇಲಿಯಿಲ್ಲ. 1980ರ ಅಂತರ್ಜಲ ಕಾನೂನಿನ ನಿಯಂತ್ರಿತ ಪ್ರದೇಶಗಳ ಹೊರಗೆ, ಎತ್ತುವುದಕ್ಕೆ ಬಹುಮಟ್ಟಿಗೆ ಮಿತಿಯೂ ಇಲ್ಲ. ಇದರ ಫಲ ವಿಲ್ಕಾಕ್ಸ್ ಕಣಿವೆಯಲ್ಲಿ ಕಂಡಿತು: ದೊಡ್ಡ ಜಮೀನುಗಳ ಆಳದ ಬಾವಿಗಳು ನೀರೆಳೆದಂತೆ ಮನೆಬಾವಿಗಳು ಬತ್ತಿದವು. 2024ರ ಡಿಸೆಂಬರ್‌ನಲ್ಲಿ ಸರಕಾರ ಅಲ್ಲಿಗೂ ನಿಯಂತ್ರಣ ತಂದಿತು.

ಕೋಲಾರದ ಬತ್ತಿದ ಬೋರ್‌ವೆಲ್‌ಗಳನ್ನು ಕಂಡ ನಮಗೆ ಇದು ಹೊಸತಲ್ಲ. ಮಾರುವವರು ಮಾರಲಿ, ಮೀಟರ್ ಇರಲಿ, ಮಿತಿ ಇರಲಿ. ಮಳೆ, ಹಿಮ ಮರಳಿ ತುಂಬಿಕೊಡುವಷ್ಟೇ ನಮ್ಮದು. ಮಿಕ್ಕದ್ದು ಮಕ್ಕಳ ಪಾಲು ಅಲ್ಲವೇ?