ಅರ್ಧಕ್ಕೆ ಬಿಟ್ಟ ಗ್ರಂಥ

ಕೈಗೆತ್ತಿಕೊಂಡ ಗ್ರಂಥವನ್ನು ಕಡೆಯವರೆಗೆ ಓದಿಯೇ ತೀರಬೇಕೆಂಬುದು ನಮ್ಮ ವಿದ್ಯಾವಂತರ ಮನೆಗಳಲ್ಲಿ ಹಿಂದಿನಿಂದ ಬಂದಿರುವ ಒಂದು ನಂಬಿಕೆ. ನಡುವೆ ಬಿಟ್ಟವನನ್ನು, ಎಲೆಯ ಮೇಲೆ ಅನ್ನವನ್ನು ಬಿಟ್ಟೆದ್ದವನನ್ನು ನೋಡುವಂತೆ ನೋಡುವುದು ವಾಡಿಕೆ. ಇದಕ್ಕೆ ಎದುರಾಗಿ, ಮೊದಲ ಐವತ್ತು ಪುಟಗಳೊಳಗೆ ಮನಸ್ಸನ್ನು ಸೆಳೆಯದ ಪುಸ್ತಕವು ಓದತಕ್ಕದ್ದೇ ಅಲ್ಲವೆಂಬ ಹೊಸ ಮತವೊಂದು ಈಚೆಗೆ ತಲೆಯೆತ್ತಿದೆ. ಈ ಎರಡೂ ಮತಗಳು ವಾಚಕನ ವಿವೇಕವನ್ನು ಕಸಿದುಕೊಳ್ಳತಕ್ಕವೇ ಎಂಬುದು ನಮ್ಮ ವಾದ. ವಿಷಯವು ಅಲ್ಪವೆಂದು ವಾಚಕ ಮಹಾಶಯರು ಭಾವಿಸಬಾರದು. ಒಂದು ದೊಡ್ಡ ಗ್ರಂಥವನ್ನು ಹಿಡಿದು, ಅರ್ಥವಾಗದೆ, ಅದನ್ನು ಹೇಳಿಕೊಳ್ಳಲು ನಾಚಿ, ಕೊನೆಗೆ ಓದುವ ಅಭ್ಯಾಸವನ್ನೇ ತೊರೆದ ಎಳೆಯರು ನಮ್ಮ ಮನೆಗಳಲ್ಲಿ ಇಲ್ಲವೆನ್ನಲಾಗದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಗ್ರಂಥವನ್ನೇ ಮುಂದಿಟ್ಟುಕೊಳ್ಳೋಣ. ಕೆನಡಾ ದೇಶದ ಸ್ಟೀವನ್ ಎರಿಕ್‌ಸನ್ ಎಂಬವರ 'ಗಾರ್ಡನ್ಸ್ ಆಫ್ ದಿ ಮೂನ್' ಎಂಬ ಅದ್ಭುತ ಕಾದಂಬರಿಯು 1999ರಲ್ಲಿ ಪ್ರಕಟವಾಯಿತು. ಇದು ಹತ್ತು ಸಂಪುಟಗಳ ಮಾಲೆಯೊಂದರ ಮೊದಲನೆಯ ಸಂಪುಟ. ಹತ್ತನೆಯದು 2011ರಲ್ಲಿ ಹೊರಬಂದಿತು. ಗ್ರಂಥಕರ್ತರು ಪ್ರಾಕ್ತನಶಾಸ್ತ್ರವನ್ನೂ ಮಾನವಶಾಸ್ತ್ರವನ್ನೂ ವ್ಯಾಸಂಗ ಮಾಡಿದವರು. ಗ್ರಂಥವೂ ನೆಲವನ್ನು ಅಗೆದಾಗ ದೊರೆಯುವ ಮಡಕೆಯ ಚೂರುಗಳಂತೆ ಬಿಡಿಬಿಡಿಯಾಗಿಯೇ ನಮ್ಮ ಕೈಗೆ ಬರುತ್ತದೆ. ಪುಸ್ತಕವನ್ನು ತೆರೆದೊಡನೆ ಭೂಪಟಗಳು. ಆ ಬಳಿಕ ಹಲವು ಪುಟಗಳ ಪಾತ್ರಸೂಚಿ. ಕೋಟೆಯ ಗೋಡೆಯ ಮೇಲೆ ನಿಂತ ಬಾಲಕನೊಬ್ಬನು ಊರಿನ ಒಂದು ಕೇರಿಯು ಉರಿಯುವುದನ್ನು ನೋಡುತ್ತಿರುತ್ತಾನೆ. ಒಡನೆ ಏಳು ವರ್ಷಗಳು ಕಳೆಯುತ್ತವೆ. ಮತ್ತೆ ಎರಡು ವರ್ಷಗಳು ಕಳೆದು, ಬೇರೊಂದು ಭೂಖಂಡದಲ್ಲಿ ಮುತ್ತಿಗೆಗೆ ಸಿಕ್ಕಿದ ಪಟ್ಟಣ, ಆಕಾಶದಲ್ಲಿ ತೇಲುವ ಬೆಟ್ಟದಂಥ ದುರ್ಗ, ದೇವತೆಗಳೋ ಮನುಷ್ಯರೋ ತಿಳಿಯದ ವ್ಯಕ್ತಿಗಳು. ಯಾರು ಯಾರ ಕಡೆಯವರೆಂದು ಯಾರೂ ವಿವರಿಸುವುದಿಲ್ಲ. 1954-55ರಲ್ಲಿ ಹೊರಬಂದ ಟಾಲ್ಕೀನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ತನ್ನ ಊರಿನ ಎಲ್ಲೆಯಾಚೆ ಹೆಚ್ಚಾಗಿ ಏನನ್ನೂ ಕಂಡಿರದ ಫ್ರೋಡೋವಿನೊಡನೆ ನಾವೂ ಹೆಜ್ಜೆಹೆಜ್ಜೆಗೆ ಲೋಕವನ್ನು ಕಲಿಯುತ್ತೇವಷ್ಟೆ; ಎರಿಕ್‌ಸನ್ನರು ಆ ಊರುಗೋಲನ್ನು ಬೇಕೆಂದೇ ಕಿತ್ತುಕೊಂಡಿದ್ದಾರೆ. ಈ ಗ್ರಂಥವನ್ನು ನೂರಿನ್ನೂರು ಪುಟಗಳಲ್ಲಿ ಕೆಳಗಿಟ್ಟವರು ಬಹುಮಂದಿ. ಇದಕ್ಕಿಂತ ಮಿಗಿಲಾದುದಿಲ್ಲವೆನ್ನುವವರೂ ಬಹುಮಂದಿ.

ಮೊದಲು ಭಕ್ತಮಂಡಲಿಯ ವಾದವನ್ನು ಪರಿಶೀಲಿಸೋಣ. 'ಎರಡು ಮೂರು ಸಂಪುಟಗಳನ್ನು ಮುಗಿಸಿರಿ, ಆಗ ಎಲ್ಲವೂ ತಿಳಿಯಾಗುವುದು. ಅಲ್ಲಿಯವರೆಗೆ ಬಾಯಿ ತೆರೆಯುವ ಅಧಿಕಾರ ನಿಮಗಿಲ್ಲ' ಎಂಬುದೇ ಅವರ ವಾದದ ಸಾರ. ಇದರಲ್ಲಿ ಎರಡು ದೋಷಗಳಿವೆ. ಮೂರನೆಯ ಸಂಪುಟದಲ್ಲಿ ರಸವುಂಟೆಂದು ಸಾಕ್ಷಿ ನುಡಿಯುವವರು ಯಾರು? ಮೂರನೆಯ ಸಂಪುಟದವರೆಗೆ ಉಳಿದವರು ಮಾತ್ರ. ನಡುವೆ ಬಿಟ್ಟವರು ಸಾಕ್ಷಿಕಟ್ಟೆಗೆ ಬರುವುದೇ ಇಲ್ಲ. ಕಾಶಿಯಿಂದ ಕ್ಷೇಮವಾಗಿ ಹಿಂದಿರುಗಿದವರನ್ನಷ್ಟೇ ಕೇಳಿ ದಾರಿಯು ನಿರಪಾಯವೆಂದು ನಿರ್ಣಯಿಸಿದರೆ ಅದು ಎಂಥ ನಿರ್ಣಯ! ಇದು ಮೊದಲನೆಯ ದೋಷ. ವಾಚಕನನ್ನು ಸಾಲಗಾರನನ್ನಾಗಿ ಮಾಡುವುದು ಎರಡನೆಯದು. ಈಗಾಗಲೇ ಮುನ್ನೂರು ಪುಟ ಓದಿದ್ದೀರಿ, ಈಗ ಬಿಟ್ಟರೆ ಆ ಶ್ರಮವೆಲ್ಲ ವ್ಯರ್ಥವಲ್ಲವೇ ಎಂದು ಹೆದರಿಸುತ್ತಾರೆ. ಕಳೆದ ಹೊತ್ತು ಓದಿದರೂ ಬಾರದು, ಬಿಟ್ಟರೂ ಬಾರದು. ವಿಚಾರಿಸತಕ್ಕದ್ದು ಮುಂದಿನ ಹೊತ್ತನ್ನು ಮಾತ್ರ. ನೀರು ಸಿಗದ ಬಾವಿಯನ್ನು, ಇಷ್ಟು ಆಳ ತೋಡಿದ್ದೇವೆಂಬ ಒಂದೇ ಕಾರಣಕ್ಕಾಗಿ ಇನ್ನೂ ತೋಡುವ ಒಕ್ಕಲಿಗನನ್ನು ನಾವು ಜಾಣನೆನ್ನುವುದಿಲ್ಲ. ನೆಲದಲ್ಲಿ ತೇವದ ಗುರುತು ಕಂಡರೆ ತೋಡಬೇಕು. ಇಲ್ಲದಿದ್ದರೆ ಗುದ್ದಲಿಯನ್ನು ಬೇರೆ ಕಡೆಗೆ ಒಯ್ಯಬೇಕು.

ಇನ್ನು ಐವತ್ತು ಪುಟಗಳ ಮತ. ಅಮೆರಿಕದ ಸಿಯಾಟಲ್ ನಗರದಲ್ಲಿ ಗ್ರಂಥಪಾಲಕಿಯಾಗಿದ್ದ ನ್ಯಾನ್ಸಿ ಪರ್ಲ್ ಎಂಬವರು ಇದನ್ನೊಂದು ನಿಯಮವಾಗಿಯೇ ಹೇಳಿದ್ದಾರೆ. ಐವತ್ತು ವಯಸ್ಸಿನವರೆಗಿನವರು ಐವತ್ತು ಪುಟಗಳನ್ನು ಓದಿ ನೋಡಲಿ. ಆ ವಯಸ್ಸು ಮೀರಿದವರು ತಮ್ಮ ವಯಸ್ಸನ್ನು ನೂರರಿಂದ ಕಳೆದು, ಉಳಿದಷ್ಟು ಪುಟಗಳನ್ನು ಓದಲಿ ಎಂಬುದು ಅದರ ತಾತ್ಪರ್ಯ. ವಯಸ್ಸಾದಂತೆ ಉಳಿದ ಕಾಲವು ಕಡಮೆಯೆಂಬ ವಿವೇಕವು ಇದರಲ್ಲುಂಟು. ಅದನ್ನು ನಾವು ಗೌರವಿಸುತ್ತೇವೆ. ಆದರೆ ಪುಟಗಳ ಲೆಕ್ಕವು ಎಲ್ಲ ಗ್ರಂಥಗಳನ್ನೂ ಒಂದೇ ಕೊಳಗದಿಂದ ಅಳೆಯುತ್ತದೆ. ಎರಡು ನೂರು ಪುಟಗಳ ಸಾಮಾಜಿಕ ಕಾದಂಬರಿಯಲ್ಲಿ ಐವತ್ತು ಪುಟವೆಂದರೆ ಕಾಲುಭಾಗ. ಹತ್ತು ಸಂಪುಟಗಳ ಕಥೆಯಲ್ಲಿ ಅದು ಹೊಸ್ತಿಲೂ ಅಲ್ಲ. ಹೊಸ ಲೋಕವೊಂದನ್ನು ಕಟ್ಟುವ ಕೃತಿಯು ತಳಪಾಯಕ್ಕೆ ಹೊತ್ತು ತೆಗೆದುಕೊಳ್ಳುವುದು ಸಹಜ. ಆದುದರಿಂದ ಎಷ್ಟು ಪುಟ ಎಂದು ಕೇಳುವುದಕ್ಕೆ ಬದಲಾಗಿ, ಆ ಪುಟಗಳಲ್ಲಿ ಏನು ದೊರೆಯಿತು ಎಂದು ಕೇಳುವುದೇ ಯುಕ್ತ.

ಈ ಪ್ರಶ್ನೆಗೆ ನಮ್ಮ ಸಾಹಿತ್ಯದಲ್ಲಿಯೇ ಒಂದು ಒರೆಗಲ್ಲಿದೆ. ನಾವು ಇಂದು ಯಾವ ಪ್ರಕಾರವನ್ನು ಕಾದಂಬರಿಯೆನ್ನುತ್ತೇವೆಯೋ ಆ ಹೆಸರೇ 7ನೆಯ ಶತಮಾನದ ಬಾಣಭಟ್ಟನ ಕೃತಿಯಿಂದ ಬಂದುದು. ಅದಕ್ಕಿಂತ ತೊಡಕಾದ ಅದ್ಭುತಕಥೆಯು ಯಾವ ಭಾಷೆಯಲ್ಲಿದ್ದೀತು? ಶೂದ್ರಕನ ಆಸ್ಥಾನಕ್ಕೆ ಚಂಡಾಲಕನ್ಯೆಯೊಬ್ಬಳು ಗಿಳಿಯನ್ನು ತರುತ್ತಾಳೆ. ಗಿಳಿಯು ತನ್ನ ಕಥೆಯನ್ನು ಹೇಳುತ್ತದೆ. ಆ ಕಥೆಯೊಳಗೆ ಜಾಬಾಲಿಮುನಿಯು ಬೇರೊಂದು ಕಥೆಯನ್ನು ಹೇಳುತ್ತಾನೆ. ಅದರೊಳಗೆ ಮಹಾಶ್ವೇತೆಯು ತನ್ನದನ್ನು ಹೇಳುತ್ತಾಳೆ. ನಾಯಕಿಯಾದ ಕಾದಂಬರಿಯ ಮುಖವನ್ನು ನಾವು ಕಾಣುವುದು ಬಹುದೂರ ನಡೆದ ಮೇಲೆ. ಕೇಳುತ್ತ ಕುಳಿತ ರಾಜನು ಯಾರು, ಆ ಗಿಳಿಯು ಯಾರು, ಅದನ್ನು ತಂದವಳು ಯಾರು ಎಂಬ ಗಂಟು ಬಿಚ್ಚುವುದು ಕೊನೆಯಲ್ಲಿ. ಬಾಣನು ಅದನ್ನು ಮುಗಿಸಲಿಲ್ಲ, ಮಗನು ಮುಗಿಸಿದನು. ಹೀಗಿದ್ದೂ ಅದು ಸಾವಿರದ ಮುನ್ನೂರು ವರ್ಷಗಳ ಕಾಲ ಬಾಳಿದೆ. ಕಾರಣವೇನು? ಬಾಣನು ವಾಚಕನಿಂದ ಸಾಲ ಬೇಡುವುದಿಲ್ಲ. ದಿನದ ಕೂಲಿಯನ್ನು ಅಂದಂದೇ ಸಲ್ಲಿಸುತ್ತಾನೆ. ಗಿಳಿಯು ಯಾರೆಂದು ತಿಳಿಯದಿದ್ದರೂ, ಬೇಡನ ಕೈಯಲ್ಲಿ ತಂದೆಯನ್ನು ಕಳೆದುಕೊಂಡ ಆ ಮರಿಯ ದುಃಖವು ತಿಳಿಯುತ್ತದೆ. ವಿಂಧ್ಯಾಟವಿಯು ಕಣ್ಣಿಗೆ ಕಟ್ಟುತ್ತದೆ. ನಮ್ಮ ನಾಗವರ್ಮನು ಸಾವಿರ ವರ್ಷಗಳಷ್ಟು ಹಿಂದೆ ಅದನ್ನು ಕನ್ನಡಕ್ಕೆ ತಂದಾಗ ಗದ್ಯವನ್ನು ಚಂಪುವಾಗಿಸಿ, ವರ್ಣನೆಗಳನ್ನು ಅಲ್ಲಲ್ಲಿ ಹಿಡಿತಕ್ಕೆ ತಂದನು. ಮೂಲವನ್ನು ಪೂಜಿಸಿದವನೂ ಅದರ ಭಾರವನ್ನು ತೂಗಿ ನೋಡಿದನೆಂಬುದನ್ನು ಭಕ್ತಮಂಡಲಿಯು ಮನಸ್ಸಿಗೆ ತಂದುಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಭಾರತದಲ್ಲಿ ಪಾತ್ರಗಳು ಕಡಮೆಯೇ? ಕುಮಾರವ್ಯಾಸನನ್ನು ಗಮಕಿಗಳು ಓದುವಾಗ ಯಾವ ಪರ್ವದಿಂದ ಆರಂಭಿಸಿದರೂ ಜನರು ಕೇಳುವುದಿಲ್ಲವೇ? ನಿಜ. ಆದರೆ ಆ ಸಭಿಕರಿಗೆ ಕರ್ಣನಾರು, ಶಕುನಿಯಾರು ಎಂಬುದು ಅಜ್ಜಿಯ ಮಡಿಲಲ್ಲಿಯೇ ತಿಳಿದಿರುತ್ತದೆ. ಎರಿಕ್‌ಸನ್ನರ ಲೋಕಕ್ಕೆ ಅಂಥ ಅಜ್ಜಿಯಿಲ್ಲ. ಪುಸ್ತಕದ ಮುಂದಿನ ಪಾತ್ರಸೂಚಿಯು ಆ ಕೆಲಸವನ್ನು ಮಾಡಲಾರದು. ಆದುದರಿಂದ ಗೊಂದಲಕ್ಕೊಳಗಾದ ವಾಚಕನನ್ನು ಮಂದಬುದ್ಧಿಯೆಂದು ಹಳಿಯುವುದು ಅನ್ಯಾಯ. ಅಪರಿಚಿತರ ಮದುವೆಗೆ ಹೋದವನು ನೆಂಟರ ಹೆಸರುಗಳನ್ನು ತಿಳಿಯದಿದ್ದರೆ ಅದು ಅವನ ತಪ್ಪಲ್ಲ.

ಹಾಗಾದರೆ ಈ ಗ್ರಂಥವು ದಿನಗೂಲಿಯನ್ನು ಸಲ್ಲಿಸುತ್ತದೆಯೋ ಇಲ್ಲವೋ? ನಮ್ಮ ಮತದಲ್ಲಿ, ಅರ್ಧ ಸಲ್ಲಿಸುತ್ತದೆ. ಪೇಲ್ ಎಂಬ ಪಟ್ಟಣದ ಹೊರಗೆ, ಜೊತೆಗಾರರು ಸತ್ತು ಬಿದ್ದ ಗುಡ್ಡದ ಮೇಲೆ ನಿಂತ ಟ್ಯಾಟರ್‌ಸೇಲ್ ಎಂಬ ಮಾಂತ್ರಿಕಸ್ತ್ರೀಯ ಶೋಕವನ್ನು ತಿಳಿಯಲು ಸಾಮ್ರಾಜ್ಯದ ಚರಿತ್ರೆಯು ಬೇಕಾಗಿಲ್ಲ. ಸುರಂಗದಲ್ಲಿ ಹೂತುಹೋದ ಗೆಳೆಯರನ್ನು ನೆನೆಯುತ್ತ, ತಮ್ಮವರೇ ತಮ್ಮನ್ನು ಬಲಿಗೊಟ್ಟರೇ ಎಂದು ಸಂದೇಹಪಡುವ ಸೈನಿಕರ ಮೌನವೂ ಹಾಗೆಯೇ. ಎರಡನೆಯ ಭಾಗದಲ್ಲಿ ದಾರುಜಿಸ್ತಾನವೆಂಬ ನಗರವು ಬಂದಾಗ, ಮಾಳಿಗೆಯಿಂದ ಮಾಳಿಗೆಗೆ ನೆಗೆಯುವ ಕಳ್ಳಹುಡುಗನೂ, ಮಾತಿನ ಮಲ್ಲನಾದ ಕ್ರುಪ್ಪೆಯೂ ನಮ್ಮನ್ನು ನಗಿಸುತ್ತಾರೆ. ಇದು ಸಲ್ಲಿಸಿದ ಕೂಲಿ. ಆದರೆ ಶಕ್ತಿಗಳು ಶಕ್ತಿಗಳೊಡನೆ ಕಾದುವ ಭಾಗಗಳಲ್ಲಿ, ಯಾರ ಬಲಕ್ಕೆ ಎಲ್ಲೆಯೆಲ್ಲಿ ಎಂಬುದು ನಮಗೆ ತಿಳಿಯದು. ಎಲ್ಲೆ ತಿಳಿಯದ ಬಲದ ಸೋಲುಗೆಲವುಗಳಿಗೆ ನಾವು ಹೆದರಲಾರೆವು. ಕೊನೆಯಲ್ಲಿ ಪ್ರಾಚೀನ ದುಷ್ಟಶಕ್ತಿಯೊಂದನ್ನು, ವಾಚಕನಿಗೆ ಸರಿಯಾದ ಪರಿಚಯವೇ ಇಲ್ಲದ ಮನೆಯೊಂದು ಉದ್ಯಾನದ ನೆಲದಿಂದ ಮೊಳೆತೆದ್ದು ಸೆರೆಹಿಡಿಯುತ್ತದೆ. ಇದು ಬಾಕಿ ನಿಂತ ಸಾಲ. 2000ದಲ್ಲಿ ಬಂದ ಎರಡನೆಯ ಸಂಪುಟವು ಆ ಸಾಲವನ್ನು ತೀರಿಸುವುದಕ್ಕೆ ಬದಲಾಗಿ ಬೇರೊಂದು ಭೂಖಂಡಕ್ಕೆ ಹೋಗಿ, ಬಹುಪಾಲು ಹೊಸಬರೊಡನೆ ಹೊಸ ಲೆಕ್ಕವನ್ನೇ ತೆರೆಯುತ್ತದೆ. ಆದುದರಿಂದ ನಮ್ಮ ತೀರ್ಮಾನವಿದು: ದಾರುಜಿಸ್ತಾನವನ್ನು ಕಾಣುವ ಮೊದಲು ಈ ಗ್ರಂಥವನ್ನು ಬಿಡುವುದು ಅವಸರ, ಅಲ್ಲಿ ನೂರು ಪುಟ ನಡೆದೂ ಯಾವನೊಬ್ಬ ಪಾತ್ರಧಾರಿಯ ಬದುಕುಸಾವು ನಮ್ಮದೆನಿಸದಿದ್ದರೆ ಬಿಡುವುದು ನ್ಯಾಯ, ಮೊದಲ ಸಂಪುಟವನ್ನು ಮುಗಿಸಿದವನಿಗೆ ಉಳಿದ ಒಂಬತ್ತರ ಋಣವು ಎಳ್ಳಷ್ಟೂ ಇಲ್ಲ.

ಕನ್ನಡದ ಮನೆಗಳಿಗೆ ಸಂಬಂಧಿಸಿದ ಮಾತೊಂದು ಉಳಿದಿದೆ. ಇಂಥ ಗ್ರಂಥಗಳನ್ನು ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಓದುತ್ತಾರೆ. ಈ ಕಥೆಯಲ್ಲಿ ಮಂತ್ರಶಕ್ತಿಯ ನೆಲೆಗಳಿಗೆ 'ವಾರೆನ್' ಎಂಬ ಹೆಸರುಂಟು. ನಿಘಂಟನ್ನು ನೋಡಿದರೆ ಮೊಲಗಳ ಬಿಲಗಳೆಂಬ ಅರ್ಥವು ದೊರೆಯುತ್ತದೆ! ಇಂಗ್ಲಿಷ್ ಮನೆಮಾತಾದವನಿಗೆ ಆ ಪದದಲ್ಲಿ ಕವಲೊಡೆದ ಸುರಂಗಗಳ ಚಿತ್ರವು ಮೂಡೀತು. ನಮ್ಮ ಬಾಲಕನಿಗೆ ಇದು ತನಗೆ ತಿಳಿಯದ ಇಂಗ್ಲಿಷ್ ಪದವೋ, ಗ್ರಂಥಕರ್ತನು ಸೃಷ್ಟಿಸಿದ ಪದವೋ ಎಂಬುದೇ ತಿಳಿಯದು. ಅವನ ಹೊರೆಯು ಇಮ್ಮಡಿ. ಗ್ರಂಥದ ತೊಡಕನ್ನು ತನ್ನ ಅಜ್ಞಾನವೆಂದು ಅವನು ಭ್ರಮಿಸುತ್ತಾನೆ. ಹಿರಿಯರು ಮಾಡತಕ್ಕದ್ದು ಅವನನ್ನು ಗದರಿಸುವುದನ್ನಲ್ಲ, ಎಲ್ಲಿ ತಡೆಯಿತೆಂದು ಕೇಳುವುದನ್ನು. ಪದದಲ್ಲಿ ತಡೆದಿದ್ದರೆ ನಿಘಂಟು ಸಾಕು. ಹೆಸರುಗಳಲ್ಲಿ ತಡೆದಿದ್ದರೆ ಒಂದು ಕಾಗದದ ಚೂರು ಸಾಕು. ಮನಸ್ಸೇ ತಡೆದಿದ್ದರೆ ಪುಸ್ತಕವನ್ನು ಕೆಳಗಿಡಲಿ.

ಬಿಡುವ ಹಕ್ಕಿಗೆ ಒಂದು ಹೊಣೆಯೂ ಜೊತೆಗೂಡಿದೆ. ತನಗೆ ತಿಳಿಯಲಿಲ್ಲವೆಂಬ ಮಾತ್ರಕ್ಕೆ ಗ್ರಂಥವು ಕೆಟ್ಟದ್ದೆಂದು ಸಾರುವುದು ಸಲ್ಲದು. ಬೇರೆಯವರು ಬರೆದ ಸಾರಾಂಶವನ್ನು ನೋಡಿ ಓದಿದೆನೆಂದು ಹೇಳಿಕೊಳ್ಳುವುದಂತೂ ಇನ್ನೂ ಸಲ್ಲದು. ಬಿಟ್ಟವನು ಯಾವ ಪುಟದಲ್ಲಿ, ಯಾವ ಕಾರಣದಿಂದ ಬಿಟ್ಟೆನೆಂದು ಒಂದು ವಾಕ್ಯದಲ್ಲಿ ಹೇಳಬಲ್ಲವನಾಗಿರಬೇಕು. ಹಾಗೆ ಹೇಳಬಲ್ಲವನು ಗ್ರಂಥವನ್ನು ಅರ್ಧವೇ ಓದಿದ್ದರೂ ಸರಿಯಾಗಿ ಓದಿದವನೇ. ಹೇಳಲಾರದವನು ಹತ್ತು ಸಂಪುಟಗಳನ್ನು ಮುಗಿಸಿದ್ದರೂ ಪುಟಗಳನ್ನು ತಿರುವಿದವನಷ್ಟೆ. ನಮ್ಮ ಮನೆಗಳಲ್ಲಿ ಮುಗಿಸಿದೆಯಾ ಎಂಬ ಪ್ರಶ್ನೆಯು ನಿಂತು, ಏನು ಕಂಡೆ ಎಂಬ ಪ್ರಶ್ನೆಯು ಆರಂಭವಾದರೆ, ಅರ್ಧಕ್ಕೆ ಬಿಟ್ಟ ಮಗುವು ನಾಳೆ ಇನ್ನೊಂದು ಗ್ರಂಥವನ್ನು ನಿರ್ಭಯವಾಗಿ ತೆರೆದೀತು. ವಾಚಕರು ಇದನ್ನು ವಿಚಾರಮಾಡಿ ನೋಡಬೇಕೆಂದು ಪ್ರಾರ್ಥನೆ.