ಬಯೊಡಾಟಾದಲ್ಲಿ ನಿಮ್ಮ ದುಡಿಮೆ ಎಲ್ಲಿ?

ಕನ್ನಡದ ಯುವಕ ಯುವತಿಯರೇ,

ಕೊಪ್ಪಳದಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆಯ ಜೊತೆಗೆ ಬಯೊಡಾಟಾವನ್ನೂ ಟೈಪ್ ಮಾಡಿಕೊಡುತ್ತೇನೆ. ಮೊನ್ನೆ ಯಲಬುರ್ಗಾದ ಹುಡುಗನೊಬ್ಬ ಗೆಳೆಯನ ಬಯೊಡಾಟಾ ಹಿಡಿದು ಬಂದ. ‘ಕಾಕಾ, ಹೆಸರಷ್ಟ ಬದಲು ಮಾಡ್ರಿ’ ಎಂದ. ಅದರಲ್ಲಿ ಹಾರ್ಡ್ ವರ್ಕಿಂಗ್, ಸಿನ್ಸಿಯರ್, ಡೈನಾಮಿಕ್!

‘ಡೈನಾಮಿಕ್ ಅಂದ್ರ ಏನಪಾ?’

ತಲೆ ಕೆರೆದುಕೊಂಡ.

‘ಏನು ಕೆಲಸ ಮಾಡೀದಿ?’

‘ಗಂಗಾವತಿ ರೈಸ್ ಮಿಲ್ಲಿನ್ಯಾಗ ಎರಡು ವರ್ಷ ಲಾರಿ ಲೋಡಿನ ಲೆಕ್ಕ ಬರದೀನ್ರಿ.’

ಅದೇ ಗಟ್ಟಿ ಮಾತು! ಅದನ್ನೇ ಬರೆಸಿದೆ.

ಬಣ್ಣದ ಮಾತು ಎಲ್ಲರ ಹಾಳೆಯಲ್ಲೂ ಇರುತ್ತದೆ. ಎಲ್ಲಿ, ಎಷ್ಟು ದಿನ, ಏನು ಮಾಡಿದಿರಿ ಎಂಬುದು ನಿಮ್ಮ ಹಾಳೆಯಲ್ಲಿ ಮಾತ್ರ. ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಕೊಡಿ. ಆದರೆ ಸಂದರ್ಶನದಲ್ಲಿ ತಡವರಿಸದೆ ಹೇಳಬಲ್ಲ ಮಾತನ್ನಷ್ಟೇ ಬರೆಯಿರಿ.

ಇನ್ನೊಂದು. ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಕಡೆಗೆ ತಳ್ಳುತ್ತೀರಿ. ಕೆಲವರು ಬಿಟ್ಟೇಬಿಡುತ್ತೀರಿ. ಯಾಕೆ ನಾಚಿಕೆ? ‘ಕನ್ನಡ ಓದಲು, ಬರೆಯಲು, ಮಾತಾಡಲು ಬರುತ್ತದೆ’ ಎಂದು ಮೊದಲು ಬರೆಯಿರಿ. ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದು ಸರೋಜಿನಿ ಮಹಿಷಿ ವರದಿ 1986ರಲ್ಲೇ ಹೇಳಿತು. 371(ಜೆ) ಅಡಿಯಲ್ಲಿ ನಮ್ಮ ಭಾಗದವರಿಗೆ 2013ರಿಂದ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಇದೆ. ಪ್ರಮಾಣಪತ್ರವಿದ್ದರೆ ಅದನ್ನೂ ನಮೂದಿಸಿ. ಕನ್ನಡ ಬರುತ್ತದೆ ಎಂದು ಬರೆಯಲು ನಾವೇ ಹಿಂಜರಿದರೆ ಕನ್ನಡಿಗರಿಗೆ ಕೆಲಸ ಕೊಡುವವರು ಯಾರು?

ಸುಳ್ಳು ಬೇಡ, ಸಂಕೋಚವೂ ಬೇಡ!